ಎಸ್. ಎಂಬ ಸಹೋದರಿ

ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ಅಂಗಡಿಗಳ ಹಿಂದಿನ ಓಣಿಯಲ್ಲಿ ಮುರಳಿಯ ಮುದ್ರಣಾಲಯವಿತ್ತು. ಮದುವೆಯ ಕರೆಯೋಲೆ, ನಾಮಕರಣದ ಕಾರ್ಡು, ವೈಕುಂಠ ಸಮಾರಾಧನೆಯ ಪತ್ರ, ಬೋರ್‌ವೆಲ್ಲಿನವರ ಕರಪತ್ರ, ಹೀಗೆ ಊರಿನ ಹುಟ್ಟು ಸಾವುಗಳೆಲ್ಲ ಅಲ್ಲಿನ ಒಂದೇ ಒಂದು ಕಂಪ್ಯೂಟರಿನ ಮೂಲಕ ಹಾದುಹೋಗುತ್ತಿದ್ದವು. ಅದರ ಮುಂದೆ ಹದಿನಾಲ್ಕು ವರ್ಷದಿಂದ ಕೂತಿದ್ದವಳು ಸತ್ಯಭಾಮಾ. ವಯಸ್ಸು ಮೂವತ್ತೇಳು. ರಾಗಿಗುಡ್ಡದಲ್ಲಿ ಮನೆ, ಹೈಸ್ಕೂಲಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು, ಸೋಗಾನೆಯ ವಿಮಾನ ನಿಲ್ದಾಣದಲ್ಲಿ ಲಗೇಜು ಎತ್ತಿಹಾಕುವ ಗಂಡ ರೂಪೇಶ. ಅವಳ ಕಣ್ಣು ತಪ್ಪಿಸಿ ಒಂದು ಒತ್ತಕ್ಷರವೂ ಆಚೆ ಹೋಗುವುದಿಲ್ಲ ಎಂದು ಮುರಳಿ ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದ.

ಆ ಗಿರಾಕಿಗಳಲ್ಲಿ ಇಬ್ಬರು ಮುದುಕರಿದ್ದರು. ಒಬ್ಬರು ಭದ್ರಾವತಿಯ ಗಿಲ್ಬರ್ಟ್ ಸಿಕ್ವೇರಾ, ನಿವೃತ್ತ ಹೆಡ್‌ಮಾಸ್ತರು, ಕಥೋಲಿಕರು. ಪ್ರತಿ ಮಂಗಳವಾರ ಹತ್ತು ಗಂಟೆಯ ಬಸ್ಸಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬರುವವರು. ಇನ್ನೊಬ್ಬರು ಶಿವಮೊಗ್ಗದವರೇ ಆದ ತ್ರಿವಿಕ್ರಮ, ಭೌತಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರು. ವೇದ ಹೇಳುವವರ ಮನೆಯಲ್ಲಿ ಹುಟ್ಟಿ ಇಪ್ಪತ್ತೆರಡನೇ ವಯಸ್ಸಿಗೆ ಜನಿವಾರವನ್ನು ತುಂಗಾ ನದಿಗೆ ಬಿಟ್ಟವರು. ಜನಿವಾರ ಆವತ್ತೇ ತೇಲಿಹೋಯಿತು, ಅದನ್ನು ಬಿಟ್ಟ ಕಥೆ ಮಾತ್ರ ನಲವತ್ತೈದು ವರ್ಷವಾದರೂ ಹೋಗಿರಲಿಲ್ಲ.

ಜಗಳ ಶುರುವಾದದ್ದು ಗಿಲ್ಬರ್ಟ್ ಮಾಸ್ತರರು ಭ್ರೂಣಹತ್ಯೆಯ ವಿರುದ್ಧ ‘ಗರ್ಭದೊಳಗಿನ ಪ್ರಜೆ’ ಎಂಬ ಕಿರುಹೊತ್ತಿಗೆ ಬರೆದಾಗ. ಮುರಳಿಯ ಮೇಜಿನ ಮೇಲೆ ಅದನ್ನು ಕಂಡ ತ್ರಿವಿಕ್ರಮರು ಹದಿನೈದೇ ದಿನದಲ್ಲಿ ‘ಮೊಟ್ಟೆ ಕೋಳಿಯಲ್ಲ’ ಎಂದು ಉತ್ತರ ಬರೆದರು. ಅದಕ್ಕೆ ಮಾಸ್ತರರು ‘ಕೋಳಿ ಎಲ್ಲಿಂದ ಬಂತು ಸ್ವಾಮಿ?’ ಎಂದರು. ಎರಡು ವರ್ಷದಲ್ಲಿ ಹೀಗೆ ಏಳು ಹೊತ್ತಿಗೆಗಳಾದವು. ಓದಿದವರು ಮೂವರು. ಬರೆದವರಿಬ್ಬರು, ಮತ್ತೆ ಅವನ್ನು ಟೈಪು ಮಾಡಿದ ಸತ್ಯಭಾಮಾ.

ಮಾಸ್ತರರ ಮನೆಮಾತು ಕೊಂಕಣಿ. ಕನ್ನಡ ಚೆನ್ನಾಗಿಯೇ ಬರೆಯುತ್ತಿದ್ದರು, ಆದರೆ ‘ಭ್ರೂಣ’ವನ್ನು ಎಲ್ಲ ಕಡೆಯೂ ‘ಬ್ರೂಣ’ ಎಂದೇ ಬರೆಯುತ್ತಿದ್ದರು. ಪ್ರಾಣದ ಬಗ್ಗೆ ಅಷ್ಟೆಲ್ಲ ವಾದಿಸುವವರಿಗೆ ಅಲ್ಪಪ್ರಾಣ ಯಾವುದು ಮಹಾಪ್ರಾಣ ಯಾವುದು ತಿಳಿಯದಲ್ಲ ಎಂದು ಸತ್ಯಭಾಮಾ ಒಳಗೊಳಗೇ ನಗುತ್ತ, ಪುಟಕ್ಕೆ ಹತ್ತು ಹನ್ನೆರಡು ಸಲ ಆ ಭ್ರೂಣಕ್ಕೆ ಮಹಾಪ್ರಾಣ ಕೊಡುತ್ತಿದ್ದಳು. ತ್ರಿವಿಕ್ರಮರಲ್ಲಿ ಕಾಗುಣಿತದ ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ. ಅವರ ವಾಕ್ಯ ಎಲ್ಲಿ ಮುಗಿಯುತ್ತದೆಂದು ಹುಡುಕಿದರೂ ಸಿಗುತ್ತಿರಲಿಲ್ಲ.

ಒಮ್ಮೆ ಕೆಲಸವಿಲ್ಲದ ಮಧ್ಯಾಹ್ನ ಅವಳು ಮಾಸ್ತರರ ಹೊತ್ತಿಗೆಯಲ್ಲಿ ‘ತಾಯಿ’ ಎಂಬ ಪದ ಎಷ್ಟು ಸಲ ಬಂದಿದೆ ಎಂದು ಕಂಪ್ಯೂಟರಿನಲ್ಲಿ ಹುಡುಕಿ ನೋಡಿದಳು. ಹನ್ನೊಂದು ಸಲ. ಅದರಲ್ಲಿ ಒಂಬತ್ತು ಯೇಸುವಿನ ತಾಯಿ ಮರಿಯಮ್ಮನವರು. ತ್ರಿವಿಕ್ರಮರಲ್ಲಿ ‘ಮಹಿಳೆ’ ಧಾರಾಳವಾಗಿದ್ದಳು, ಆದರೆ ‘ಶೋಷಿತ’ ಎಂಬ ವಿಶೇಷಣ ಹಿಂದಿಲ್ಲದೆ ಆಕೆ ಒಂದು ಹೆಜ್ಜೆಯೂ ಇಡುತ್ತಿರಲಿಲ್ಲ.

ಹಾಗೆಂದು ಅವಳು ಇಬ್ಬರನ್ನೂ ಬರೀ ತಮಾಷೆಯಾಗಿ ಕಂಡವಳಲ್ಲ. ಮಾಸ್ತರರದ್ದೊಂದು ವಾಕ್ಯ ಅವಳ ತಲೆಯಲ್ಲಿ ಉಳಿದುಬಿಟ್ಟಿತ್ತು: ತನ್ನ ಪರವಾಗಿ ಒಂದು ಮಾತೂ ಆಡಲಾರದ ಜೀವದ ಪರವಾಗಿ ಯಾರಾದರೊಬ್ಬರು ಮಾತಾಡಲೇಬೇಕು. ತ್ರಿವಿಕ್ರಮರದ್ದೂ ಒಂದಿತ್ತು: ಸಾಯುತ್ತಿರುವವನಿಗೆ ಒಂದು ಬಾಟಲಿ ರಕ್ತ ಕೊಡು ಎಂದು ಕಾನೂನು ಯಾರನ್ನೂ ಎಳೆದುಕೊಂಡು ಹೋಗುವುದಿಲ್ಲ, ಹೆಂಗಸಿಗೆ ಮಾತ್ರ ಒಂಬತ್ತು ತಿಂಗಳು ಇಡೀ ಮೈಯನ್ನೇ ಕೊಡು ಎನ್ನುವುದು ಯಾವ ನ್ಯಾಯ? ಎರಡನ್ನೂ ಟೈಪು ಮಾಡುವಾಗ ಅವಳ ಬೆರಳು ಒಂದು ಗಳಿಗೆ ನಿಂತಿದ್ದವು.

ಆಗಸ್ಟಿನಲ್ಲಿ ಅವಳಿಗೆ ಮುಟ್ಟು ತಪ್ಪಿತು. ಬಸಿರಾಗದಂತೆ ಹಾಕಿಸಿದ್ದ ಹಳೆಯ ವಂಕಿಯ ಅವಧಿ ಮುಗಿದು ತೆಗೆಸಿದ್ದಳು, ಹೊಸದು ಹಾಕಿಸಲು ನಾಳೆ ನಾಡಿದ್ದು ಎನ್ನುತ್ತಿರುವಾಗಲೇ ಹೀಗಾಗಿತ್ತು. ಮನೆಯಲ್ಲೇ ಪರೀಕ್ಷೆ ಮಾಡಿಕೊಂಡಳು, ಎರಡು ಗೆರೆ ಬಂದವು. ರೂಪೇಶನಿಗೆ ಹೇಳಿದಾಗ ಅವನು ಟೀವಿಯ ಶಬ್ದ ಸಣ್ಣ ಮಾಡಿದ.

“ನಿಂಗೆ ಹೆಂಗನ್ಸುತ್ತೋ ಹಂಗೆ,” ಎಂದ. ಆಮೇಲೆ, “ಗಂಡಾದ್ರೂ ಆಗ್ಬೋದು,” ಎಂದ.

“ಹೆಣ್ಣಾದ್ರೆ?”

ರೂಪೇಶ ಟೀವಿಯ ಶಬ್ದ ಜಾಸ್ತಿ ಮಾಡಿದ.

ಬೇಕೋ ಬೇಡವೋ ಎಂದು ಅವಳು ಮೂರು ದಿನ ಯೋಚಿಸಿದಳು. ಬೇಡ ಅನ್ನಿಸಿತು. ಕಾರಣ ಹೇಳು ಎಂದರೆ ದೊಡ್ಡದೇನೂ ಇರಲಿಲ್ಲ. ಹೊಟ್ಟೆಗಿಲ್ಲದ ಕಷ್ಟವೂ ಅಲ್ಲ, ಮೈಗೆ ಕಾಯಿಲೆಯೂ ಅಲ್ಲ. ಚಿಕ್ಕವಳು ಈಗಷ್ಟೇ ತನ್ನ ಜಡೆ ತಾನೇ ಹಾಕಿಕೊಳ್ಳುವುದನ್ನು ಕಲಿತಿದ್ದಳು. ಬೆಳಿಗ್ಗೆ ಅರ್ಧ ಗಂಟೆ ಕೂತು ಬಿಸಿ ಕಾಫಿಯನ್ನು ಬಿಸಿಯಾಗಿಯೇ ಕುಡಿಯುವ ಭಾಗ್ಯ ಹದಿನೈದು ವರ್ಷದ ಮೇಲೆ ಅವಳಿಗೆ ಮತ್ತೆ ಬಂದಿತ್ತು. ಇದನ್ನು ಕಾರಣ ಎಂದು ಯಾರ ಮುಂದೆ ಹೇಳುವುದು? ಹೀಗೆ ಅನ್ನಿಸಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಸಿಟ್ಟೂ ಬಂತು.

ಅಷ್ಟರಲ್ಲಿ ಊರಿನ ವಿಚಾರ ವೇದಿಕೆಯೊಂದು ಈ ಇಬ್ಬರನ್ನೂ ಎದುರುಬದುರು ಕೂರಿಸಿ ಬಹಿರಂಗ ಚರ್ಚೆ ಏರ್ಪಡಿಸಿತು. ವಿಷಯ ‘ಗರ್ಭಪಾತ: ಪಾಪವೋ, ಹಕ್ಕೋ?’ ಆಹ್ವಾನ ಪತ್ರಿಕೆಯ ಪ್ರೂಫು ನೋಡಲು ಇಬ್ಬರೂ ಒಂದೇ ಮಂಗಳವಾರ ಮುದ್ರಣಾಲಯಕ್ಕೆ ಬಂದರು. ಯಾರ ಹೆಸರು ಮೇಲೆ ಬರಬೇಕೆಂದು ಮುಕ್ಕಾಲು ಗಂಟೆ ವಾದವಾಯಿತು. ತ್ರಿವಿಕ್ರಮರು ಅಕಾರಾದಿ ಎಂದರು. ಅಕಾರಾದಿಯಲ್ಲಿ ‘ಗ’ ಮೊದಲು ಬರುತ್ತದೆಂದು ಹೊಳೆದಾಗ ವಯಸ್ಸಿನ ಪ್ರಕಾರ ಎಂದರು. ಹಾಗೆನ್ನುತ್ತ ಜೇಬಿನಿಂದ ನಶ್ಯದ ಡಬ್ಬಿ ತೆಗೆದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸತ್ಯಭಾಮಾ ಬಾಯಿ ಮುಚ್ಚಿಕೊಂಡು ಹಿಂದಿನ ಬಚ್ಚಲಿಗೆ ಓಡಿದಳು.

“ಎರಡು ವಾರದಿಂದ ಹಿಂಗೇ ಸಾರ್,” ರಜೆ ಬೇಕಾದೀತೆಂದು ಅವಳು ತನಗೊಬ್ಬನಿಗೇ ಹೇಳಿದ್ದ ಗುಟ್ಟನ್ನು ಮುರಳಿ ದನಿ ತಗ್ಗಿಸಿ ಹೇಳಿದ. “ಬೇಕೋ ಬೇಡ್ವೋ ಅಂತ ಒದ್ದಾಡ್ತಾ ಇದಾಳೆ ಪಾಪ.”

ಅವಳು ಮುಖ ತೊಳೆದು ಬರುವಾಗ ಇಬ್ಬರೂ ಪ್ರೂಫು ಕೆಳಗಿಟ್ಟು ನಿಂತಿದ್ದರು. ಎರಡು ವರ್ಷದಿಂದ ಕಾಗದದ ಮೇಲೆ ಹೊಡೆದಾಡುತ್ತಿದ್ದ ಸಂಗತಿಯೊಂದು ಕುಂಕುಮ ಇಟ್ಟುಕೊಂಡು, ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತ ಎದುರಿಗೆ ಬಂದಿತ್ತು. ಇಬ್ಬರ ಕಣ್ಣೂ ಹೊಳೆದವು. ಅವಳ ಹೆಸರು ಮೇಲೋ ಕೆಳಗೋ ಎಂದು ಕೇಳಲು ಮಾತ್ರ ಯಾರಿಗೂ ತೋಚಲಿಲ್ಲ.

ಮರುದಿನವೇ, ಬುಧವಾರವಾದರೂ, ಮಾಸ್ತರರು ಬಂದರು. ಚೀಲದಲ್ಲಿ ಭದ್ರಾವತಿಯ ಬೇಕರಿಯ ಬೆಣ್ಣೆ ಬಿಸ್ಕತ್ತು.

“ನೋಡಮ್ಮಾ, ನಾನು ಬುದ್ಧಿ ಹೇಳೋಕೆ ಬಂದಿಲ್ಲ,” ಎಂದು ಶುರುಮಾಡಿ ಇಪ್ಪತ್ತು ನಿಮಿಷ ಬುದ್ಧಿ ಹೇಳಿದರು. “ಆ ಜೀವಕ್ಕೆ ಈಗಾಗ್ಲೇ ಎದೆ ಬಡಿತಾ ಇರುತ್ತೆ. ಅಂಥದ್ದು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟೋದೂ ಇಲ್ಲ. ದೇವರು ಕೊಟ್ಟಿದ್ದನ್ನ ಬೇಡ ಅನ್ನೋ ಅಧಿಕಾರ ನಮಗಿಲ್ಲ.”

“ನಿಮ್ಗೆ ಮಕ್ಳೆಷ್ಟು ಸಾರ್?”

“ಎರಡು.”

“ಎರಡಕ್ಕೇ ನಿಲ್ಲಿಸಿಬಿಟ್ರಾ ದೇವ್ರು?”

ಮಾಸ್ತರರ ಕಿವಿ ಕೆಂಪಾದವು. “ಅದು... ನಮ್ಮಲ್ಲಿ ಸ್ವಾಭಾವಿಕ ವಿಧಾನ ಅಂತ ಒಂದಿದೆ. ಕ್ಯಾಲೆಂಡರ್ ನೋಡ್ಕೊಂಡು...” ಎಂದು ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಕಡೆ ನೋಡಿದರು. ಅದರಲ್ಲಿ ಲಕ್ಷ್ಮಿ ಕೂತಿದ್ದಳು. ಅವರು ಬಿಸ್ಕತ್ತಿನ ಪೊಟ್ಟಣವನ್ನು ಅವಳತ್ತ ಸರಿಸಿ ಎದ್ದುಹೋದರು.

ಶುಕ್ರವಾರ ತ್ರಿವಿಕ್ರಮರು ಬಂದರು, ನಶ್ಯ ಮನೆಯಲ್ಲಿ ಬಿಟ್ಟು.

“ನಿರ್ಧಾರ ನಿನ್ದು. ಸಂಪೂರ್ಣ ನಿನ್ದು. ಗಂಡ, ಅತ್ತೆ, ಪುರೋಹಿತ, ಪಾದ್ರಿ, ಯಾರೂ ಬಾಯಿ ಹಾಕೋ ಹಾಗಿಲ್ಲ,” ಎಂದರು. “ಆದ್ರೆ ತಪ್ಪು ನಿರ್ಧಾರ ಮಾತ್ರ ತಗೋಬೇಡ.”

“ತಪ್ಪು ಯಾವ್ದು ಸಾರ್?”

“ಭಾವುಕತೆಗೆ ಬಿದ್ದು ಇಟ್ಕೊಳ್ಳೋದು! ಈಗ ಅದು ಒಂದು ಅವರೆಕಾಳಿನಷ್ಟು ಜೀವಕೋಶ, ಮಾರಾಯ್ತಿ. ನೋವಿಲ್ಲ, ಅರಿವಿಲ್ಲ. ಅರಿವಿಲ್ಲದ್ದಕ್ಕೆ ಅನ್ಯಾಯ ಆಗೋದು ಹ್ಯಾಗೆ?” ಎಂದು ಜೋಳಿಗೆಯಿಂದ ನಾಲ್ಕು ಹಾಳೆ ತೆಗೆದರು. “ಚರ್ಚೆ ದಿನ ನೀನು ವೇದಿಕೆಗೆ ಬಂದು ಎರಡು ಮಾತಾಡ್ಬೇಕು. ಇದನ್ನ ಟೈಪ್ ಮಾಡಿ ಇಟ್ಕೊ.”

ಹಾಳೆಯ ಮೇಲೆ ‘ನನ್ನ ದೇಹ, ನನ್ನ ದನಿ’ ಎಂಬ ತಲೆಬರಹವಿತ್ತು. ‘ಶೋಷಿತ ವರ್ಗದ ಮಹಿಳೆಯಾದ ನಾನು’ ಎಂದು ಆರಂಭವಾಗುತ್ತಿತ್ತು. ಅವಳ ದನಿಯನ್ನು ಅವರೇ ಪೂರ್ತಿ ಬರೆದುಕೊಂಡು ಬಂದಿದ್ದರು. ಅವಳು ಓದಿದಳು. ಅದರೊಳಗಿನ ತಾನು ಅತ್ತೆಯ ಕಿರುಕುಳ ಸಹಿಸಿದ್ದಳು, ಹಸಿವಿನಿಂದ ಬಳಲಿದ್ದಳು. ಅವಳ ಅತ್ತೆ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಬದುಕಿದ್ದಷ್ಟು ದಿನವೂ ಸೊಸೆಗೆ ಮೀನು ಹೆಚ್ಚು ಬಡಿಸಿದವರು.

“ನಮ್ಮತ್ತೆ ಒಳ್ಳೇವ್ರು ಸಾರ್.”

“ಇರ್ಲಿ, ಇದು ಪ್ರಾತಿನಿಧಿಕ,” ಎಂದರು ತ್ರಿವಿಕ್ರಮರು.

ಸೋಮವಾರ ಭದ್ರಾವತಿಯ ಚರ್ಚಿನ ತಿಂಗಳ ಪತ್ರಿಕೆ ಟೈಪಿಗೆ ಬಂತು. ಪ್ರಾರ್ಥನಾ ಕೋರಿಕೆಗಳ ಪುಟದಲ್ಲಿ, ಕಾರ್ಖಾನೆಯಿಂದ ನಿವೃತ್ತರಾದ ಅಂತೋಣಿಯವರ ಮಂಡಿನೋವಿಗೂ ಒಬ್ಬ ಹುಡುಗನ ಪಿಯುಸಿ ಮರುಪರೀಕ್ಷೆಗೂ ನಡುವೆ, ಹೀಗಿತ್ತು: ‘ಗಾಂಧಿ ಬಜಾರಿನ ಮುದ್ರಣಾಲಯವೊಂದರಲ್ಲಿ ಕೆಲಸ ಮಾಡುವ ಎಸ್. ಎಂಬ ಹಿಂದೂ ಸಹೋದರಿ ತನ್ನ ಬ್ರೂಣವನ್ನು ಉಳಿಸಿಕೊಳ್ಳುವ ಮನಸ್ಸು ಮಾಡಲೆಂದು.’

ಸತ್ಯಭಾಮಾ ಆ ಸಾಲನ್ನು ಮೂರು ಸಲ ಓದಿದಳು. ಭದ್ರಾವತಿಯಲ್ಲಿ ಕಾಣದ ಜನ ಮೊಣಕಾಲೂರಿ ತನ್ನ ಹೊಟ್ಟೆಯ ಬಗ್ಗೆ ದೇವರ ಹತ್ತಿರ ಮಾತಾಡಲಿದ್ದಾರೆ. ಗುಟ್ಟು ಕಾಪಾಡಲು ಹೆಸರಿನ ಬದಲು ಎಸ್. ಹಾಕಿದ್ದಾರೆ, ಓಣಿಯ ವಿಳಾಸವೊಂದನ್ನು ಬಿಟ್ಟು ಉಳಿದದ್ದೆಲ್ಲ ಕೊಟ್ಟಿದ್ದಾರೆ. ಅವಳಿಗೆ ಕೆನ್ನೆ ಉರಿಯಿತು. ಆದರೂ ಕೆಲಸ ಕೆಲಸವೇ. ‘ಬ್ರೂಣ’ವನ್ನು ತಿದ್ದಿ, ಪುಟ ಸೇವ್ ಮಾಡಿ, ಮುರಳಿಗೆ ನಾಳೆ ರಜೆ ಎಂದಳು.

ಮರುದಿನ ದುರ್ಗಿಗುಡಿಯ ಕಡೆಯ ಒಂದು ಸಣ್ಣ ಕ್ಲಿನಿಕ್ಕಿಗೆ ಒಬ್ಬಳೇ ಹೋದಳು. ಡಾಕ್ಟರು ಮೀರಾ ಸ್ಕ್ಯಾನ್ ಮಾಡಿ, ಏಳು ವಾರ, ಕಾನೂನಿನ ಪ್ರಕಾರ ಏನೂ ತೊಂದರೆಯಿಲ್ಲ ಎಂದರು. “ಯೋಚ್ನೆ ಮಾಡಿದೀರಾ?” ಎಂದು ಕೇಳಿದರು. ಆ ಪ್ರಶ್ನೆಯನ್ನು ಹಾಗೆ ಬರಿದಾಗಿ, ಉತ್ತರ ಜೊತೆಗೆ ಕಟ್ಟಿಕೊಡದೆ ಕೇಳಿದವರು ಅವರೊಬ್ಬರೇ. “ಮಾಡಿದೀನಿ ಮೇಡಮ್,” ಎಂದಳು. ಒಂದು ಮಾತ್ರೆ ಅಲ್ಲೇ ನುಂಗಿಸಿದರು. ಎರಡು ದಿನ ಬಿಟ್ಟು ಮತ್ತೆ ಕರೆಸಿ ಉಳಿದವನ್ನು ಕೊಟ್ಟರು. ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ರೂಪೇಶ ರಜೆ ಹಾಕಿ ಗಂಜಿ ಮಾಡಿದ. ಉಪ್ಪು ಹಾಕುವುದು ಮರೆತಿದ್ದ. ಅವಳು ಆ ಸಪ್ಪೆ ಗಂಜಿ ಕುಡಿಯುತ್ತ ಇದ್ದಕ್ಕಿದ್ದಂತೆ ಅತ್ತಳು. ತಪ್ಪು ಮಾಡಿದೆ ಅಂತಲ್ಲ. ಏನೋ ಇತ್ತು, ಈಗ ಇಲ್ಲ, ಅಷ್ಟಕ್ಕೆ.

ಹತ್ತು ದಿನದ ಮೇಲೆ, ಒಂದು ಭಾನುವಾರ, ಚರ್ಚೆ ನಡೆಯಿತು. ಸಭಾಂಗಣದಲ್ಲಿ ಅರವತ್ತು ಜನ. ಅರ್ಧದಷ್ಟು ಭದ್ರಾವತಿಯಿಂದ ವ್ಯಾನಿನಲ್ಲಿ ಬಂದ ಮಾಸ್ತರರ ಕಡೆಯವರು, ಉಳಿದರ್ಧ ತ್ರಿವಿಕ್ರಮರ ಹಳೆಯ ವಿದ್ಯಾರ್ಥಿಗಳು, ಅಂತೂ ಮನಸ್ಸು ಬದಲಾಯಿಸಲು ಬಂದವರು ಒಬ್ಬರೂ ಇರಲಿಲ್ಲ. ಪರದೆಯ ಮೇಲೆ ಚಿತ್ರ ತೋರಿಸುವ ಕೆಲಸವನ್ನೂ ಮುರಳಿ ಒಪ್ಪಿಕೊಂಡಿದ್ದರಿಂದ ಲ್ಯಾಪ್‌ಟಾಪ್ ಮುಂದೆ ಸತ್ಯಭಾಮಾ ಕೂತಿದ್ದಳು. ಅವಳಿಗೆ ಏನಾಯಿತೆಂದು ಕೇಳುವುದು ಇಬ್ಬರಿಗೂ ಮರೆತೇ ಹೋಗಿತ್ತು. ತಯಾರಿ ಜೋರಾಗಿತ್ತು.

ಚರ್ಚೆ ಚೆನ್ನಾಗಿಯೇ ಶುರುವಾಯಿತು.

“ಗಾಢ ನಿದ್ದೆಯಲ್ಲಿರೋನಿಗೂ ಅರಿವಿರೋದಿಲ್ಲ. ಹಾಗಂತ ಅವನನ್ನ ಕೊಲ್ಲಬಹುದಾ?” ಎಂದರು ಮಾಸ್ತರರು.

“ನಿದ್ದೆ ಹೋದವನು ನಿನ್ನೆ ಎಚ್ಚರ ಇದ್ದ, ಸ್ವಾಮಿ. ನಾಳೆ ಏಳ್ಬೇಕು ಅಂತ ಅಂದ್ಕೊಂಡೇ ಮಲಗಿದ. ಒಂದು ಸಲಾನೂ ಎಚ್ಚರ ಆಗದೇ ಇರೋದು ಏನನ್ನ ಕಳ್ಕೊಳ್ಳುತ್ತೆ?”

“ಹಾಗಾದ್ರೆ ಹೆಣ್ಣು ಅಂತ ಗೊತ್ತಾಗಿ ತೆಗೆಸೋದೂ ಸರಿ ತಾನೆ? ಆಯ್ಕೆ ಅಂದ್ಮೇಲೆ ಆಯ್ಕೆ. ಅದಕ್ಯಾಕೆ ನೀವೂ ವಿರೋಧ ಮಾಡ್ತೀರಿ?”

ತ್ರಿವಿಕ್ರಮರು ನೀರು ಕುಡಿದರು. ಲೋಟ ಖಾಲಿಯಾದ ಮೇಲೂ ಕುಡಿದರು. “ಅದು... ಸಾಮಾಜಿಕ ಸಂದರ್ಭ ಬೇರೆ,” ಎಂದರು. ಭದ್ರಾವತಿಯ ವ್ಯಾನು ಚಪ್ಪಾಳೆ ತಟ್ಟಿತು. ಪ್ರಾಧ್ಯಾಪಕರಿಗೆ ಅದು ನಾಟಿತು. ಅವರು ಮೈಕನ್ನು ಕಿತ್ತುಕೊಂಡಂತೆ ಹಿಡಿದು, ಬೆರಳು ಚಾಚಿದರು.

“ತತ್ವ ಸಾಕು! ಇಗೋ, ಇಲ್ಲೇ, ನಮ್ಮ ನಡುವೆ, ಈ ಕ್ಷಣದಲ್ಲಿ ಈ ಸಂಕಟ ಅನುಭವಿಸ್ತಾ ಇರೋ ಒಬ್ಬ ಶೋಷಿತ ಮಹಿಳೆ ಕೂತಿದ್ದಾರೆ. ಸತ್ಯಭಾಮಾ ಅವರೇ, ಎದ್ದು ನಿಲ್ಲಿ!”

“ಛೆ! ಆಕೆಯ ಖಾಸಗಿ ವಿಷಯ ಸಭೇಲಿ ಎತ್ತೋದೇ?” ಎಂದು ಮಾಸ್ತರರು ಎದ್ದರು. ಮುಂದಿನ ಸಾಲಿನ ಒಬ್ಬ ಅಜ್ಜಿ ಪಕ್ಕದವರ ಕಿವಿಯಲ್ಲಿ, “ಓ, ಇವಳೇ ನಮ್ಮ ಎಸ್.!” ಎಂದದ್ದು ಲ್ಯಾಪ್‌ಟಾಪಿನವರೆಗೂ ಕೇಳಿತು.

ಸತ್ಯಭಾಮಾ ಎದ್ದಳು. ಅವಳ ಕೈಯಲ್ಲಿ ಮೈಕಿರಲಿಲ್ಲ.

“ಅದು ಮುಗಿದು ಹತ್ತು ದಿನ ಆಯ್ತು ಸಾರ್,” ಎಂದಳು. “ಬೇಡ ಅನ್ಸಿತು, ತೆಗೆಸ್ದೆ.”

ತ್ರಿವಿಕ್ರಮರು “ಭಲೆ!” ಎಂದು ಎರಡೂ ಕೈಯೆತ್ತಿ ಚಪ್ಪಾಳೆ ಹೊಡೆದರು. ಮಾಸ್ತರರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ ಕಣ್ಣು ಮುಚ್ಚಿ ಗಟ್ಟಿಯಾಗಿ ಪ್ರಾರ್ಥನೆ ಆರಂಭಿಸಿದರು.

“ಚಪ್ಪಾಳೆ ಹೊಡೀಬೇಡಿ ಸಾರ್, ನಾನೇನು ಪಂದ್ಯ ಗೆದ್ದು ಬಂದಿಲ್ಲ,” ಎಂದಳು. “ಮೇಷ್ಟ್ರೇ, ನೀವೂ ನಿಲ್ಸಿ. ಅಳೋದು ನಾನು ಅತ್ತಾಯ್ತು.”

ಮುಂದಿನ ಎರಡು ಸಾಲಿಗೆ ಇದು ಕೇಳಿಸಿತು. ಹಿಂದಿನವರಿಗೆ ಕೇಳಿಸಲಿಲ್ಲ. “ಏನಂತೆ?” ಎಂದು ಒಬ್ಬರು ಕೇಳಿದರು. “ಆಯ್ತು ಅಂದ್ರು, ಊಟಕ್ಕೆ ಏಳಿ,” ಎಂದರು ಇನ್ನೊಬ್ಬರು. ಗಂಟೆ ಒಂದೂವರೆಯಾಗಿತ್ತು. ಪಕ್ಕದ ಕೋಣೆಯಿಂದ ಪಲಾವಿನ ಪರಿಮಳ ಬೇರೆ ಬರುತ್ತಿತ್ತು. ಕುರ್ಚಿಗಳು ಸರಿದವು. ಆಸ್ತಿಕರೂ ನಾಸ್ತಿಕರೂ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಂತರು. ಸಮಾರೋಪ ಭಾಷಣವನ್ನು ಇಬ್ಬರು ವಾಗ್ಮಿಗಳು ಖಾಲಿ ಕುರ್ಚಿಗಳಿಗೆ ಒಬ್ಬರಾದ ಮೇಲೊಬ್ಬರು ಮಾಡಿದರು.

ತ್ರಿವಿಕ್ರಮರು ಎರಡೇ ದಿನದಲ್ಲಿ ಹೊಸ ಹಸ್ತಪ್ರತಿಯೊಂದಿಗೆ ಬಂದರು. ಮೊದಲ ಅಧ್ಯಾಯಕ್ಕೆ ‘ಸತ್ಯಭಾಮೆಯ ದಿಟ್ಟತನ’ ಎಂದು ಹೆಸರಿಟ್ಟಿದ್ದರು.

“ಇದನ್ನ ನಾನು ಟೈಪ್ ಮಾಡಲ್ಲ ಸಾರ್.”

“ಯಾಕಮ್ಮಾ? ನೀನೇ ನಾಯಕಿ!”

“ಇದ್ರಲ್ಲಿ ನಾನು ನಗ್ತಾ ಮನೆಗೆ ಹೋದೆ ಅಂತ ಬರ್ದಿದೀರಿ. ನಂಗೆ ಬೇಜಾರಾಗಿತ್ತು.”

“ಬೇಜಾರಿಗೆ ವೈಜ್ಞಾನಿಕವಾಗಿ ಕಾರಣಾನೇ ಇಲ್ವಲ್ಲ?”

“ನಿಮ್ಮ ಪುಸ್ತಕದಲ್ಲಿ ಬೇಜಾರಿಗೆ ಜಾಗ ಇಲ್ಲ. ನಂಗೆ ಇತ್ತು. ತೆಗೆಸಿದ್ದೂ ಸರಿ, ಬೇಜಾರಾಗಿದ್ದೂ ಸರಿ.”

ತ್ರಿವಿಕ್ರಮರು ಪೆನ್ನು ತೆಗೆದು, “ಒಳ್ಳೆ ಪಾಯಿಂಟು,” ಎಂದು ಅಂಚಿನಲ್ಲಿ ಬರೆದುಕೊಂಡು, ಬೇರೆ ಮುದ್ರಣಾಲಯ ಹುಡುಕಿಕೊಂಡು ಹೋದರು.

ಮಾಸ್ತರರು ಮೂರು ಮಂಗಳವಾರ ಬರಲಿಲ್ಲ. ನಾಲ್ಕನೆಯದಕ್ಕೆ ಬರಿಗೈಯಲ್ಲಿ ಬಂದು ಸ್ಟೂಲಿನ ಮೇಲೆ ಕೂತರು. ಅಂಗಿಗೆ ಇಸ್ತ್ರಿಯಿರಲಿಲ್ಲ.

“ತೊಂಬತ್ತೊಂದರಲ್ಲಿ ನನ್ನ ಹೆಂಡತಿಗೆ ಐದನೇ ತಿಂಗಳಿಗೆ ಹೋಯ್ತು,” ಎಂದರು, ಪೀಠಿಕೆಯಿಲ್ಲದೆ. “ನರ್ಸು ಒಂದು ಬಟ್ಟೇಲಿ ಸುತ್ತಿ ನನ್ ಕೈಗೆ ಕೊಟ್ಲು. ಉಗುರು ಇತ್ತಮ್ಮಾ ಅದಕ್ಕೆ. ನಾನೇ ನೀರು ಮುಟ್ಟಿಸಿ ಜ್ಞಾನಸ್ನಾನ ಕೊಟ್ಟೆ. ಹೆಸರಿಡೋಕೆ ಧೈರ್ಯ ಸಾಲಲಿಲ್ಲ. ಅದನ್ನ ಕೈಯಲ್ಲಿ ಹಿಡ್ಕೊಂಡವನಿಗೆ ಅದು ಬರೀ ಕೋಶ ಅಂತ ಯಾರೇ ಹೇಳಿದ್ರೂ ನಂಬೋಕಾಗೋದಿಲ್ಲ.”

ಸತ್ಯಭಾಮಾ ಕೀಲಿಮಣೆಯಿಂದ ಕೈ ತೆಗೆದಳು. “ಇದನ್ನ ನಿಮ್ಮ ನಾಲ್ಕು ಪುಸ್ತಕದಲ್ಲಿ ಒಂದ್ರಲ್ಲೂ ಬರೀಲಿಲ್ವಲ್ಲ ಸಾರ್?”

“ಅದು ಅವಳದ್ದು. ನಾನು ಹೆಂಗೆ ಬರೀಲಿ?” ಎಂದರು. ಹಾಗೆಂದ ಮೇಲೆ ಆ ಮಾತು ಅವರಿಗೇ ಕೇಳಿಸಿದಂತಾಗಿ ತಲೆ ತಗ್ಗಿಸಿದರು. “ನೀನು ಮಾಡಿದ್ದು ನಾನು ಒಪ್ಪೋದಿಲ್ಲ. ಸಾಯೋವರೆಗೂ ಒಪ್ಪೋದಿಲ್ಲ. ಆದ್ರೆ ನಿನ್ನ ವಿಷಯ ಪತ್ರಿಕೆಗೆ ಹಾಕ್ಬಾರದಿತ್ತು.”

“ಹ್ಞೂಂ. ಹಾಕ್ಬಾರದಿತ್ತು,” ಎಂದಳು ಅವಳು. ಕ್ಷಮಿಸಿದೆ ಎನ್ನಲಿಲ್ಲ. ಮುರಳಿಗೆ ಹೇಳಿ ಎರಡು ಕಾಫಿ ತರಿಸಿದಳು.

ನವೆಂಬರಿನಲ್ಲಿ ಅವಳು ರೂಪೇಶನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಒಂದು ತಿಂಗಳ ಮಾತುಕತೆಯ ಫಲ ಅದು. ಭಾರ ಎತ್ತುವ ಕೆಲಸ ತನ್ನದು, ಸೊಂಟ ಹೋಗುತ್ತದೆ, ಗೆಳೆಯರು ನಗುತ್ತಾರೆ ಎಂದೆಲ್ಲ ಅವನು ಹೇಳಿ ನೋಡಿದ್ದ. ಅವಳು ಎಲ್ಲವನ್ನೂ ಪೂರ್ತಿ ಕೇಳಿಸಿಕೊಂಡು, ದಿನಾಂಕ ಗೊತ್ತುಮಾಡಿ ಬಂದಿದ್ದಳು. ಆಪರೇಷನ್ ಕೋಣೆಯ ಹೊರಗಿನ ಬೆಂಚಿನಲ್ಲಿ ಅವತ್ತು ಅವನೊಬ್ಬನೇ ಗಂಡಸು. ಎದುರಿನ ಬೆಂಚಿನಲ್ಲಿ ಮಕ್ಕಳಾಗದಂತೆ ಮಾಡುವ ಆಪರೇಷನ್ನಿಗೇ ಬಂದ ಹೆಂಗಸರು ಹದಿನೇಳು ಜನ ಕೂತಿದ್ದರು. ಅವರೆಲ್ಲ ಅವನನ್ನು ಪ್ರಾಣಿಸಂಗ್ರಹಾಲಯಕ್ಕೆ ಹೊಸದಾಗಿ ತಂದ ಪ್ರಾಣಿಯಂತೆ ನೋಡುತ್ತಿದ್ದರು.

ನರ್ಸು ಬಾಗಿಲಲ್ಲಿ ಅವನ ಹೆಸರು ಕೂಗಿದಳು. ರೂಪೇಶ ಏಳಲಿಲ್ಲ.

“ನೋವಾಗುತ್ತೇನೇ?” ಎಂದ, ಹೆಂಡತಿಯ ಕೈ ಹಿಡಿದು.

“ಸ್ವಲ್ಪ ಆಗುತ್ತೆ,” ಎಂದಳು ಸತ್ಯಭಾಮಾ, ಕೈ ಬಿಡಿಸಿಕೊಂಡು. “ಹೋಗಿ ಬನ್ನಿ.”